ಲೈಬ್ರರಿ ಎಷ್ಟು ಗಂಟೆಗೆ ಮುಚ್ಚಬೇಕು?

ಕಾಲೇಜು ಹುಡುಗರಿಗೆ ಪ್ರಜಾಪ್ರಭುತ್ವದ ಬಗ್ಗೆ ಹೇಳಿಕೊಡಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಹೇಳಿಕೊಡುವ ಬಗೆ ಮಾತ್ರ ಹೆಚ್ಚಿನ ಕಡೆ ಒಂದೇ. ಸಭಾಂಗಣ ತುಂಬಿಸಿ ಅತಿಥಿಗಳಿಂದ ಭಾಷಣ ಮಾಡಿಸುವುದು, ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಹೇಳಿಸುವುದು, ಪ್ರಬಂಧ ಸ್ಪರ್ಧೆ ಇಟ್ಟು ಸರ್ಟಿಫಿಕೇಟ್ ಕೊಡುವುದು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಇಂಥ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಲ್ಲಿ ಕೂತು ಹುಡುಗ ಹುಡುಗಿಯರನ್ನು ಗಮನಿಸಿದ್ದೇನೆ. ಅವರಿಗೆ ಆಸಕ್ತಿ ಇಲ್ಲ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅಲ್ಲಿ ಅವರು ಮಾಡುವಂಥದ್ದು ಏನೂ ಇರುವುದಿಲ್ಲ, ಅಷ್ಟೆ. ತೀರ್ಮಾನ ಆಗುವ ಜಾಗವೇ ಬೇರೆ, ಇವರನ್ನು ಕೂರಿಸಿರುವ ಜಾಗವೇ ಬೇರೆ.

ಹದಿನೆಂಟು ತುಂಬಿದವರು ದೇಶದ ಸರ್ಕಾರವನ್ನು ಆರಿಸಬಹುದು. ಈ ಹಕ್ಕು ತಾನಾಗಿ ಬಂದದ್ದಲ್ಲ. ಅಮೆರಿಕದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1971ರಲ್ಲಿ, ಸಂವಿಧಾನದ 26ನೇ ತಿದ್ದುಪಡಿಯಿಂದ. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಯುದ್ಧಕ್ಕೆ ಕಳಿಸುವಷ್ಟು ದೊಡ್ಡವರಾದ ಮೇಲೆ ಮತ ಹಾಕಲು ಚಿಕ್ಕವರು ಹೇಗಾಗುತ್ತೇವೆ ಅಂತ ಆ ವಯಸ್ಸಿನವರೇ ಕೇಳಿದರು. ಭಾರತದಲ್ಲಿ 61ನೇ ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ. ಆಸ್ಟ್ರಿಯಾ 2007ರಲ್ಲಿ 16ಕ್ಕೇ ಇಳಿಸಿತು. ಹೀಗೆ ಸರ್ಕಾರ ಆರಿಸುವ ವಯಸ್ಸಿನ ಹುಡುಗಿಗೆ ತಾನು ದಿನಾ ಕೂರುವ ಲೈಬ್ರರಿ ಎಷ್ಟು ಗಂಟೆಗೆ ಮುಚ್ಚಬೇಕು ಅಂತ ಯಾರೂ ಕೇಳುವುದಿಲ್ಲ. ತರಗತಿಯ ಪ್ರತಿನಿಧಿ ಯಾರು ಅಂತಲೂ ಎಷ್ಟೋ ಕಡೆ ಅಂಕಪಟ್ಟಿ ನೋಡಿ ಮೇಷ್ಟ್ರೇ ಹೇಳಿಬಿಡುತ್ತಾರೆ. ಐದು ವರ್ಷಕ್ಕೊಮ್ಮೆ ಬಳಸುವ ಹಕ್ಕಿನ ಬಗ್ಗೆ ಭಾಷಣ ಸಿಗುತ್ತದೆ. ದಿನದಿನದ ಬದುಕಿನಲ್ಲಿ ಬಾಯಿಬಿಡಲು ಜಾಗ ಸಿಗುವುದಿಲ್ಲ.

ವಿದ್ಯಾರ್ಥಿಗಳನ್ನು ಪ್ರಜಾಪ್ರಭುತ್ವದ ಹತ್ತಿರ ತರಬೇಕಾದರೆ ಅವರ ಕೈಗೆ ನಿಜವಾದ ಒಂದು ತೀರ್ಮಾನ ಕೊಡಬೇಕು ಅಂತ ನಾನು ನಂಬುತ್ತೇನೆ. ಸಣ್ಣದಿರಲಿ, ಆದರೆ ನಿಜವಾದದ್ದು. ಅದರ ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಗಬೇಕು. ಮತ ಹಾಕುವ, ಎಣಿಸುವ, ಸಭೆ ನಡೆಸುವ ನಿಯಮಗಳನ್ನೆಲ್ಲ ನಮ್ಮಂಥ ಮನುಷ್ಯರೇ ಮಾಡಿದ್ದು. ಬೇರೆಬೇರೆ ಕಡೆ ಬೇರೆಬೇರೆ ಥರ ಮಾಡಿದ್ದಾರೆ, ಮುರಿದು ಮತ್ತೆ ಕಟ್ಟಿದ್ದಾರೆ.

ನಾನು ಶುರು ಮಾಡುವುದು ಎಣಿಕೆಯಿಂದ. ನನ್ನ ವಿಷಯ ಅದೇ ತಾನೇ.

60 ಮತಚೀಟಿ ಬರೆದುಕೊಂಡು ತರಗತಿಗೆ ಹೋಗುತ್ತೇನೆ. ಅವು ನಾನೇ ಬರೆದವು ಅಂತ ಮೊದಲೇ ಹೇಳಿರುತ್ತೇನೆ. ಕಾಲೇಜಿನಲ್ಲಿ ಖಾಲಿ ಬಿದ್ದಿರುವ ಒಂದು ಕೊಠಡಿಯನ್ನು ಏನು ಮಾಡಬೇಕು ಅನ್ನುವುದು ಪ್ರಶ್ನೆ. ಆಟದ ಕೋಣೆ, ಓದುವ ಕೋಣೆ, ಇಲ್ಲವೇ ನಾಟಕ–ಸಂಗೀತದ ಅಭ್ಯಾಸಕ್ಕೆ ಜಾಗ. ಪ್ರತಿ ಚೀಟಿಯಲ್ಲೂ ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಹೀಗೆ ಕ್ರಮವಾಗಿ ಬರೆದಿರುತ್ತದೆ. 25 ಚೀಟಿಗಳಲ್ಲಿ ಆಟ, ಆಮೇಲೆ ನಾಟಕ, ಕೊನೆಗೆ ಓದು. 19ರಲ್ಲಿ ಓದು, ನಾಟಕ, ಆಟ. 12ರಲ್ಲಿ ನಾಟಕ, ಓದು, ಆಟ. ಉಳಿದ 4ರಲ್ಲಿ ನಾಟಕ, ಆಟ, ಓದು.

ತರಗತಿಯನ್ನು ಮೂರು ಗುಂಪು ಮಾಡಿ ಒಂದೊಂದು ಗುಂಪಿಗೂ ಆ ಚೀಟಿಗಳ ಒಂದೊಂದು ಕಟ್ಟು ಕೊಡುತ್ತೇನೆ. ಚೀಟಿಗಳು ಅವೇ, ಎಣಿಸುವ ಸೂಚನೆ ಮಾತ್ರ ಬೇರೆ. ಒಂದು ಗುಂಪಿನ ಸೂಚನೆ ಇನ್ನೊಂದಕ್ಕೆ ಗೊತ್ತಿರುವುದಿಲ್ಲ.

ಮೊದಲ ಗುಂಪು ಮೊದಲ ಆಯ್ಕೆಯನ್ನಷ್ಟೇ ಎಣಿಸುತ್ತದೆ. ಆಟಕ್ಕೆ 25, ಓದಿಗೆ 19, ನಾಟಕಕ್ಕೆ 16. ಆಟದ ಕೋಣೆ ಗೆದ್ದಿತು. ಎರಡನೇ ಗುಂಪು ಅತಿ ಕಡಿಮೆ ಬಂದ ನಾಟಕವನ್ನು ಕೈಬಿಟ್ಟು, ಆ 16 ಚೀಟಿಗಳ ಎರಡನೇ ಆಯ್ಕೆ ನೋಡಿ ಹಂಚುತ್ತದೆ. ಓದಿಗೆ 31, ಆಟಕ್ಕೆ 29. ಓದುವ ಕೋಣೆ ಗೆದ್ದಿತು. ಮೂರನೇ ಗುಂಪು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ನೋಡುತ್ತದೆ. ನಾಟಕ ಮತ್ತು ಆಟ ಮಾತ್ರ ಇದ್ದಿದ್ದರೆ? ನಾಟಕಕ್ಕೆ 35, ಆಟಕ್ಕೆ 25. ನಾಟಕ ಮತ್ತು ಓದು ಮಾತ್ರ ಇದ್ದಿದ್ದರೆ? ನಾಟಕಕ್ಕೆ 41, ಓದಿಗೆ 19. ಎದುರಿಗೆ ಯಾರು ನಿಂತರೂ ನಾಟಕವೇ ಗೆಲ್ಲುತ್ತದೆ.

ಮೂರು ಗುಂಪಿನವರೂ ಬೋರ್ಡಿನ ಮೇಲೆ ತಮ್ಮ ಫಲಿತಾಂಶ ಬರೆದಾಗ ಗಲಾಟೆ ಶುರುವಾಗುತ್ತದೆ. "ನೀವು ತಪ್ಪು ಎಣಿಸಿದ್ದೀರಿ" ಅಂತ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಚೀಟಿ ಅದಲುಬದಲು ಮಾಡಿಕೊಂಡು ಮತ್ತೆ ಎಣಿಸುತ್ತಾರೆ. ಲೆಕ್ಕ ಸರಿ ಇದೆ. ಯಾರೂ ಮೋಸ ಮಾಡಿಲ್ಲ, ಒಂದೂ ಚೀಟಿ ಬದಲಾಗಿಲ್ಲ. ಆದರೂ ಗೆದ್ದವರು ಮೂವರು.

"ಹಾಗಾದರೆ ಜನರಿಗೆ ನಿಜವಾಗಿ ಬೇಕಾಗಿದ್ದು ಯಾವುದು ಮೇಡಂ?" ಈ ಪ್ರಶ್ನೆ ಒಂದಲ್ಲ ಒಂದು ಬೆಂಚಿನಿಂದ ಬಂದೇ ಬರುತ್ತದೆ. ನಾನು ಉತ್ತರ ಹೇಳುವುದಿಲ್ಲ. ಚೀಟಿಗಳನ್ನು ಇನ್ನೊಮ್ಮೆ ನೋಡಿ ಅನ್ನುತ್ತೇನೆ. ನಾಟಕದ ಕೋಣೆ ಬೇಡವೇ ಬೇಡ ಅಂತ ಕೊನೆಗೆ ಹಾಕಿದವರು ಒಬ್ಬರೂ ಇಲ್ಲ. ಆಟದ ಕೋಣೆಯನ್ನು ಕೊನೆಗೆ ತಳ್ಳಿದವರು 31 ಮಂದಿ, ಅಂದರೆ ಅರ್ಧಕ್ಕಿಂತ ಜಾಸ್ತಿ. ಆದರೂ ಮೊದಲ ಲೆಕ್ಕದಲ್ಲಿ ಗೆದ್ದದ್ದು ಆಟವೇ. ತುಂಬಾ ಜನರ ಮೊದಲ ಆಯ್ಕೆಯಾಗುವುದು ಮುಖ್ಯವೋ, ಎಲ್ಲರೂ ಒಪ್ಪಿಕೊಳ್ಳಬಹುದಾದದ್ದು ಆಗುವುದು ಮುಖ್ಯವೋ? ಆ ಗಂಟೆ ಮುಗಿದ ಮೇಲೂ ಕಾರಿಡಾರಿನಲ್ಲಿ ಜಗಳ ನಡೆಯುತ್ತಿರುತ್ತದೆ.

ಎದುರುಬದುರು ನಿಲ್ಲಿಸಿ ಎಣಿಸುವ ಈ ಯೋಚನೆಯನ್ನು 1785ರಲ್ಲಿ ಬೆಳೆಸಿದವನು ಫ್ರಾನ್ಸಿನ ಕೊಂಡೋರ್ಸೆ. ಗಣಿತಜ್ಞ, ಕ್ರಾಂತಿಯ ಕಾಲದವನು. ಹೆಂಗಸರಿಗೂ ನಾಗರಿಕ ಹಕ್ಕು ಬೇಕು ಅಂತ 1790ರಲ್ಲೇ ಬರೆದವನು. ಅದೇ ಕ್ರಾಂತಿಯವರಿಗೆ ಹೆದರಿ ತಲೆಮರೆಸಿಕೊಂಡು, ಕೊನೆಗೆ ಸಿಕ್ಕಿಬಿದ್ದು 1794ರಲ್ಲಿ ಸೆರೆಯಲ್ಲಿ ಸತ್ತ. ಈ ಕಥೆ ಹೇಳುವಾಗ ತರಗತಿ ತಣ್ಣಗಾಗುತ್ತದೆ. ಎಣಿಕೆಯ ಬಗ್ಗೆ ತಲೆಕೆಡಿಸಿಕೊಂಡವನು ಬದುಕಿನಲ್ಲೂ ಇಷ್ಟೊಂದು ಅಪಾಯ ಎದುರಿಸಿದ್ದ ಅನ್ನುವುದು ಅವರಿಗೆ ಹೊಸದು.

ಎರಡನೇ ಗುಂಪಿನ ಎಣಿಕೆಯೂ ಪುಸ್ತಕದ ಬದನೆಕಾಯಿ ಅಲ್ಲ. ಆಸ್ಟ್ರೇಲಿಯಾದ ಕೆಳಮನೆಗೆ ಚುನಾವಣೆ ನಡೆಯುವುದು ಸುಮಾರು ಇದೇ ಥರ, ಕಡಿಮೆ ಮತ ಬಂದವರನ್ನು ಒಬ್ಬೊಬ್ಬರನ್ನಾಗಿ ಕೈಬಿಡುತ್ತಾ. ಭಾರತದ ರಾಷ್ಟ್ರಪತಿ ಚುನಾವಣೆಯಲ್ಲೂ ಮತದಾರರು ಪ್ರಾಶಸ್ತ್ಯದ ಕ್ರಮ ಬರೆಯುತ್ತಾರೆ. 1969ರಲ್ಲಿ ವಿ.ವಿ. ಗಿರಿ ಗೆದ್ದದ್ದು ಎರಡನೇ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ. ನ್ಯೂಜಿಲೆಂಡ್ ಜನ 1993ರಲ್ಲಿ ಜನಮತಗಣನೆ ಮಾಡಿ ತಮ್ಮ ಚುನಾವಣಾ ಪದ್ಧತಿಯನ್ನೇ ಬದಲಿಸಿದರು. 1996ರಿಂದ ಅಲ್ಲಿ ಪಕ್ಷಕ್ಕೆ ಬಂದ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಸಿಗುತ್ತದೆ.

ಈ ಪಾಠದಲ್ಲಿ ಒಂದು ಅಪಾಯ ಇದೆ. "ಅಂದರೆ ಚುನಾವಣೆ ಎಲ್ಲಾ ಸುಳ್ಳು, ಎಣಿಸುವವರ ಕೈಯಲ್ಲೇ ಎಲ್ಲಾ ಇದೆ" ಅನ್ನುವ ಕಡೆ ಹುಡುಗರು ಬೇಗ ಜಾರುತ್ತಾರೆ. ಹಾಗೆ ಹೊರಗೆ ಬಿಡಬಾರದು. ಕೆನೆತ್ ಆರೋ ಅನ್ನುವ ಅರ್ಥಶಾಸ್ತ್ರಜ್ಞ 1951ರಲ್ಲಿ ಒಂದು ಮಾತನ್ನು ಗಣಿತದಿಂದಲೇ ಸಾಧಿಸಿ ತೋರಿಸಿದ. ಆಯ್ಕೆಗಳು ಮೂರು ಅಥವಾ ಜಾಸ್ತಿ ಇದ್ದಾಗ, ಪ್ರಾಶಸ್ತ್ಯದ ಕ್ರಮಗಳನ್ನು ಒಟ್ಟು ಮಾಡುವ ಯಾವ ವಿಧಾನವೂ ನಾವು ನ್ಯಾಯ ಅಂದುಕೊಳ್ಳುವ ಕೆಲವೇ ಷರತ್ತುಗಳನ್ನೂ ಒಟ್ಟಿಗೆ ಪೂರೈಸಲಾರದು. ಕುಂದಿಲ್ಲದ ಎಣಿಕೆ ಇಲ್ಲ. ಹಾಗಂತ ಎಲ್ಲ ಎಣಿಕೆಯೂ ಒಂದೇ ಅಲ್ಲ. ಯಾವ ಕುಂದನ್ನು ಸಹಿಸಿಕೊಳ್ಳಬಹುದು ಅಂತ ಕೂತು ಮಾತಾಡಬೇಕು, ಮತ್ತು ಆ ಮಾತು ಚೀಟಿ ಬಿಚ್ಚುವುದಕ್ಕೆ ಮುಂಚೆ ಆಗಬೇಕು. ಫಲಿತಾಂಶ ಕಂಡ ಮೇಲೆ ನಿಯಮ ಬದಲಿಸುವವರನ್ನು ನಂಬಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಇನ್ನು ಲೈಬ್ರರಿ ವಿಷಯ.

ನಮ್ಮ ಕಾಲೇಜಿನ ಲೈಬ್ರರಿ ಸಂಜೆ ಆರಕ್ಕೆ ಮುಚ್ಚುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಹಾಸ್ಟೆಲಿನವರು ಅರ್ಜಿ ಕೊಡುತ್ತಿದ್ದರು. ಅರ್ಜಿ ಫೈಲಿಗೆ ಹೋಗುತ್ತಿತ್ತು. ಇದನ್ನು ವಿದ್ಯಾರ್ಥಿಗಳ ಸಭೆಯೊಂದಕ್ಕೆ ಒಪ್ಪಿಸೋಣ ಅಂತ ನಾನು, ರಾಜ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು ಪ್ರಾಂಶುಪಾಲರನ್ನು ಕೇಳಿದೆವು. ಒಂದೇ ಒಂದು ಷರತ್ತು ಇಟ್ಟೆವು. ಸಭೆ ಕೊಡುವ ಪ್ರತಿ ಶಿಫಾರಸನ್ನೂ ಒಂದು ತಿಂಗಳೊಳಗೆ ಜಾರಿ ಮಾಡಬೇಕು, ಇಲ್ಲವಾದರೆ ಯಾಕೆ ಆಗುವುದಿಲ್ಲ ಅಂತ ಬರವಣಿಗೆಯಲ್ಲಿ ಕೊಡಬೇಕು. ಅವರು ಸ್ವಲ್ಪ ಯೋಚನೆ ಮಾಡಿ ಒಪ್ಪಿದರು, ಸಹಿ ಮಾಡಿದ ಪತ್ರವನ್ನೇ ಕೊಟ್ಟರು. ಈ ಪತ್ರ ಇಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ನೀವು ಎಲ್ಲಾದರೂ ಇಂಥದ್ದನ್ನು ಮಾಡಲು ಹೊರಟಿದ್ದರೆ ಮೊದಲು ಈ ಕಾಗದ ಕೈಗೆ ಬರಲಿ. ನಿಮ್ಮ ಅಭಿಪ್ರಾಯವನ್ನು ಗಮನಿಸುತ್ತೇವೆ ಅನ್ನುವ ಬಾಯಿಮಾತು ಸಾಲದು. ಹುಡುಗರು ಅದನ್ನು ಬೇಕಾದಷ್ಟು ಕೇಳಿದ್ದಾರೆ.

ಸಭೆಗೆ ಯಾರು ಬರಬೇಕು? ಚುನಾವಣೆ ಮಾಡಿದರೆ ಮಾತುಗಾರರು ಗೆಲ್ಲುತ್ತಾರೆ. ಇಷ್ಟ ಇದ್ದವರು ಬನ್ನಿ ಅಂದರೆ ಯಾವಾಗಲೂ ಬರುವವರೇ ಬರುತ್ತಾರೆ. ನಾವು ಚೀಟಿ ಎತ್ತಿದೆವು.

ಚೀಟಿ ಎತ್ತುವುದು ಅಂದ ತಕ್ಷಣ "ಅದೃಷ್ಟದ ಆಟ" ಅನ್ನಿಸುತ್ತದೆ, ಅಲ್ವಾ? ಪ್ರಜಾಪ್ರಭುತ್ವದ ಹಳೆಯ ದಾರಿ ಇದೇ. ಪ್ರಾಚೀನ ಅಥೆನ್ಸಿನಲ್ಲಿ 500 ಮಂದಿಯ ಮಂಡಳಿಯನ್ನು ವರ್ಷವರ್ಷವೂ ಚೀಟಿಯಿಂದಲೇ ಆರಿಸುತ್ತಿದ್ದರು. ಚೀಟಿ ಎತ್ತುವುದಕ್ಕೆ ಸಾಲುಸಾಲು ಸೀಳುಗಳಿದ್ದ ಕಲ್ಲಿನ ಯಂತ್ರವೇ ಇತ್ತು. ತಮಿಳುನಾಡಿನ ಉತ್ತರಮೇರೂರಿನ ಹತ್ತನೇ ಶತಮಾನದ ಶಾಸನದಲ್ಲಿ, ಹೆಸರು ಬರೆದ ಓಲೆಗಳನ್ನು ಗಡಿಗೆಗೆ ಹಾಕಿ ಸಣ್ಣ ಹುಡುಗನ ಕೈಯಲ್ಲಿ ಎತ್ತಿಸುವ ಕ್ರಮ ಇದೆ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವರು ಮತ್ತೆ ಬರುವಂತಿಲ್ಲ, ಅವರ ನೆಂಟರೂ ಬರುವಂತಿಲ್ಲ. ಈ ಕಟ್ಟಳೆ ಕೇಳಿ ನನ್ನ ಹುಡುಗರು ಕಣ್ಣರಳಿಸಿದರು. ಆದರೆ ಅರ್ಧ ಕಥೆ ಹೇಳಿ ಹೆಮ್ಮೆಪಡುವುದು ಬೇಡ ಅಂತ ಉಳಿದ ಅರ್ಧವನ್ನೂ ಹೇಳಿದೆ. ಗಡಿಗೆಗೆ ಬೀಳುತ್ತಿದ್ದದ್ದು ಜಮೀನಿದ್ದ, ವೇದ ಬಲ್ಲ ಗಂಡಸರ ಹೆಸರುಗಳು ಮಾತ್ರ. ಅಥೆನ್ಸಿನಲ್ಲೂ ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಲೆಕ್ಕಕ್ಕೇ ಇರಲಿಲ್ಲ. ಚೀಟಿ ಎತ್ತುವ ಕೈ ಎಷ್ಟೇ ಶುದ್ಧವಿದ್ದರೂ, ಗಡಿಗೆಗೆ ಯಾರ ಹೆಸರು ಹಾಕುತ್ತೀರಿ ಅನ್ನುವಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಈ ದಾರಿ ಈಗ ಮತ್ತೆ ಬಳಕೆಗೆ ಬಂದಿದೆ. ಐರ್ಲೆಂಡಿನಲ್ಲಿ 2016ರಲ್ಲಿ 99 ಸಾಮಾನ್ಯ ನಾಗರಿಕರನ್ನು ವಯಸ್ಸು, ಪ್ರದೇಶ, ಗಂಡುಹೆಣ್ಣಿನ ಪ್ರಮಾಣ ನೋಡಿ ಆರಿಸಿದರು. ಅಧ್ಯಕ್ಷತೆಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆ ಮೇರಿ ಲಫಾಯ್. ರಾಜಕಾರಣಿಗಳು ದಶಕಗಳಿಂದ ಮುಟ್ಟಲು ಹೆದರುತ್ತಿದ್ದ ಗರ್ಭಪಾತದ ಕಾನೂನನ್ನು ಅವರ ಮುಂದಿಟ್ಟರು. ವಾರಾಂತ್ಯಗಳಲ್ಲಿ ಸೇರಿ ವೈದ್ಯರ, ವಕೀಲರ, ಎರಡೂ ಪಕ್ಷದವರ ಮಾತು ಕೇಳಿ ಅವರು ಬದಲಾವಣೆಗೆ ಶಿಫಾರಸು ಮಾಡಿದರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮಂದಿ ಬದಲಾವಣೆಗೆ ಹೂಂ ಅಂದರು. ಎಲ್ಲ ಕಡೆ ಹೀಗೆ ಆಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ 160 ನಾಗರಿಕರು ಸುಮಾರು ಒಂದು ವರ್ಷ ಕೂತು ಹೊಸ ಚುನಾವಣಾ ಪದ್ಧತಿ ರೂಪಿಸಿದರು. 2005ರ ಜನಮತಗಣನೆಯಲ್ಲಿ ಶೇ. 57.7 ಬೆಂಬಲ ಬಂತು. ಬೇಕಾಗಿದ್ದದ್ದು 60. ಅಲ್ಲಿಗೆ ಬಿತ್ತು. ಗೆದ್ದ ಕಥೆಯ ಜೊತೆ ಇದನ್ನೂ ಹೇಳುವುದು ನನಗೆ ಮುಖ್ಯ. ಕೆಲಸ ಚೆನ್ನಾಗಿದ್ದೂ ಫಲ ಸಿಗದೆ ಹೋಗಬಹುದು ಅಂತ ಗೊತ್ತಿದ್ದೇ ಹುಡುಗರು ಇದಕ್ಕೆ ಇಳಿಯಲಿ.

ನಾವು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಹೆಸರುಗಳನ್ನು ಗುಂಪು ಮಾಡಿದೆವು. ಯಾವ ವರ್ಷ, ಯಾವ ಕೋರ್ಸು, ಹುಡುಗನೋ ಹುಡುಗಿಯೋ, ಹಾಸ್ಟೆಲಿನವರೋ ದಿನಾ ಬಸ್ಸಿನಲ್ಲಿ ಬಂದುಹೋಗುವವರೋ. ಪ್ರತಿ ಗುಂಪಿನಿಂದಲೂ ಅದರ ಪ್ರಮಾಣಕ್ಕೆ ತಕ್ಕಷ್ಟು ಚೀಟಿ, ಒಟ್ಟು 24. ಎಲ್ಲರ ಎದುರಿಗೇ ಎತ್ತಿದ್ದು. ಕೆಲವರು ಒಲ್ಲೆ ಅಂದರು. ಬಲವಂತ ಮಾಡಲಿಲ್ಲ, ಅದೇ ಗುಂಪಿನಿಂದ ಇನ್ನೊಂದು ಚೀಟಿ ಎತ್ತಿದೆವು. ಇದಕ್ಕೆ ಅಂಕ ಇಲ್ಲ, ಸರ್ಟಿಫಿಕೇಟ್ ಇಲ್ಲ ಅಂತಲೂ ಹೇಳಿದೆವು. ಅಂಕ ಇಟ್ಟರೆ ಮೇಷ್ಟ್ರಿಗೆ ಇಷ್ಟವಾಗುವ ಮಾತೇ ಬರುತ್ತದೆ.

ಮೊದಲ ದಿನ ಎಲ್ಲರೂ ಬಂದದ್ದು ರಾತ್ರಿ ಹತ್ತರವರೆಗೆ ತೆರೆದಿಡಿ ಅನ್ನಲಿಕ್ಕೆ. ಲೈಬ್ರರಿಯನ್ ಬಾಗಿಲಲ್ಲಿ ಇಡುವ ರಿಜಿಸ್ಟರುಗಳನ್ನು ತಂದುಕೊಟ್ಟರು. ಹುಡುಗರು ಪುಟಪುಟ ತಿರುವಿ ಯಾರು ಎಷ್ಟೊತ್ತಿಗೆ ಬರುತ್ತಾರೆ, ಎಷ್ಟೊತ್ತಿಗೆ ಹೋಗುತ್ತಾರೆ ಅಂತ ಪಟ್ಟಿ ಮಾಡಿದರು. ಸಂಜೆ ಐದರ ನಂತರ ಕೂತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಸ್ಟೆಲಿನವರು. "ನೋಡಿ, ಬಳಸುವವರು ನಾವೇ. ನಮ್ಮ ಸಮಯಕ್ಕೇ ತಕ್ಕಂತೆ ಇಡಬೇಕು" ಅಂತ ಅವರಲ್ಲೊಬ್ಬ ಹೇಳಿದ. ಲೆಕ್ಕ ಅವನ ಕಡೆಗಿತ್ತು.

ಆಗ ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳು, ಅಲ್ಲಿಯವರೆಗೂ ಬಾಯಿ ಬಿಡದವಳು, ರಿಜಿಸ್ಟರಿನ ಮೇಲೆ ಕೈಯಿಟ್ಟು ಹೇಳಿದಳು: "ಇದರಲ್ಲಿ ಬಂದವರ ಹೆಸರಿದೆ. ಬರೋಕೆ ಆಗದವರ ಹೆಸರು ಎಲ್ಲಿದೆ? ನನ್ನ ಬಸ್ಸು ಐದೂಕಾಲಿಗೆ."

ನಾನು ವರ್ಷಗಳಿಂದ ಮಾದರಿ ಆಯ್ಕೆಯ ಪಾಠ ಮಾಡುತ್ತಿದ್ದೇನೆ. ಅಂಕಿಅಂಶದಲ್ಲಿ ಕಾಣದವರ ಬಗ್ಗೆ ಇಷ್ಟು ಚೊಕ್ಕವಾಗಿ ಯಾವ ಪಠ್ಯಪುಸ್ತಕವೂ ಹೇಳಿದ್ದನ್ನು ನೋಡಿಲ್ಲ. ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು. ಬಸ್ಸಿನವರು ಬೆಳಿಗ್ಗೆ ಏಳೂವರೆಗೇ ಬಂದು ಇಳಿಯುತ್ತಾರೆ, ಲೈಬ್ರರಿ ತೆಗೆಯುವ ಒಂಬತ್ತೂವರೆಯವರೆಗೆ ಮೆಟ್ಟಿಲ ಮೇಲೆ ಕೂರುತ್ತಾರೆ ಅಂತ ಗೊತ್ತಾಯಿತು. ಹಾಸ್ಟೆಲಿನವರಿಗೆ ಇದು ತಿಳಿದೇ ಇರಲಿಲ್ಲ. ಆ ಹೊತ್ತಿಗೆ ಅವರಿನ್ನೂ ಕಾಲೇಜಿಗೆ ಕಾಲಿಟ್ಟಿರುವುದಿಲ್ಲವಲ್ಲ.

ಎರಡನೇ ಸಭೆಗೆ ಬೀಗ ಹಾಕುವ ಅಟೆಂಡರ್ ಅಣ್ಣನನ್ನೂ ಕರೆಯಬೇಕು ಅಂದದ್ದು ಹುಡುಗರೇ. ನನಗೆ ಹೊಳೆದಿರಲಿಲ್ಲ. ಅವರು ಬಂದು ಮೊದಲು ನಿಂತೇ ಇದ್ದರು. ಕುರ್ಚಿ ಹಾಕಿ ಕೂರಿಸಿದ ಮೇಲೆ ಒಂದೊಂದಾಗಿ ಹೇಳಿದರು. ಎಲ್ಲ ಕಿಟಕಿ ಹಾಕಿ, ದೀಪ ಆರಿಸಿ, ಮೇಲಿನ ಮಹಡಿಯಲ್ಲಿ ಯಾರೂ ಉಳಿದಿಲ್ಲ ಅಂತ ನೋಡಿ ಹೊರಡುವುದಕ್ಕೆ ಅವರಿಗೆ ಮುಕ್ಕಾಲು ಗಂಟೆ ಬೇಕು. ಹತ್ತಕ್ಕೆ ಮುಚ್ಚುವುದು ಅಂದರೆ ಅವರು ಮನೆ ಸೇರುವುದು ಹನ್ನೊಂದೂವರೆಗೆ. ಮರುದಿನ ಬೆಳಿಗ್ಗೆ ಬೇಗ ಬಾಗಿಲು ತೆಗೆಯುವವರೂ ಅವರೇ. ಇದನ್ನು ಕೇಳಿದ ಮೇಲೆ "ಹತ್ತು" ಅನ್ನುವ ಮಾತು ಸಭೆಯಲ್ಲಿ ಮತ್ತೆ ಬರಲಿಲ್ಲ.

ಕೊನೆಗೆ ಮೂರು ಶಿಫಾರಸು ಆದವು. ಪರೀಕ್ಷೆಗೆ ಮುಂಚಿನ ಆರು ವಾರ ರಾತ್ರಿ ಎಂಟರವರೆಗೆ ತೆರೆದಿರಲಿ, ಆ ದಿನಗಳಲ್ಲಿ ಅಟೆಂಡರ್ ಮಧ್ಯಾಹ್ನದಿಂದ ಕೆಲಸಕ್ಕೆ ಬರಲಿ, ಬೆಳಿಗ್ಗೆಯ ಪಾಳಿ ಇನ್ನೊಬ್ಬರಿಗೆ ಇರಲಿ. ವರ್ಷವಿಡೀ ಬೆಳಿಗ್ಗೆ ಏಳೂವರೆಗೇ ತೆಗೆಯಲಿ, ಸಂಜೆ ಇರಲಾಗದವರಿಗೆ ರೆಫರೆನ್ಸ್ ಪುಸ್ತಕಗಳನ್ನು ಒಂದು ರಾತ್ರಿಗೆ ಮನೆಗೆ ಕೊಡಲಿ. ರಜಾದಿನಗಳಲ್ಲಿ ವಿದ್ಯಾರ್ಥಿಗಳೇ ಪಾಳಿಯ ಮೇಲೆ ಲೈಬ್ರರಿ ನೋಡಿಕೊಳ್ಳಲಿ. ಮೊದಲ ಎರಡು ಒಪ್ಪಿಗೆಯಾದವು. ಮೂರನೆಯದಕ್ಕೆ ಆಗುವುದಿಲ್ಲ ಅಂತ ಒಂದು ಪುಟದ ಉತ್ತರ ಬಂತು: ಸಿಬ್ಬಂದಿ ಇಲ್ಲದಾಗ ಏನಾದರೂ ಅನಾಹುತವಾದರೆ ಹೊಣೆ ಯಾರದ್ದು, ವಿದ್ಯಾರ್ಥಿಗಳ ಮೇಲೆ ಹೊರಿಸಲಾಗದು ಅಂತ. ಸಭೆಯಲ್ಲಿ ಆ ಪತ್ರ ಓದಿದಾಗ ಅರ್ಧದಷ್ಟು ಜನಕ್ಕೆ ಅದು ನ್ಯಾಯ ಅನ್ನಿಸಿತು, ಉಳಿದವರಿಗೆ ಅನ್ನಿಸಲಿಲ್ಲ. ನನಗೆ ಸಂತೋಷವಾದದ್ದು ಎರಡೂ ಕಡೆಯವರು ಪತ್ರದ ಸಾಲುಗಳನ್ನೇ ಹಿಡಿದು ವಾದ ಮಾಡಿದ್ದು. ಬೇಡ ಅನ್ನುವುದಕ್ಕೂ ಕಾರಣ ಕೊಡಬೇಕಾದ ಕಡೆ ವಾದಕ್ಕೆ ಹಿಡಿ ಸಿಗುತ್ತದೆ.

ಎಲ್ಲರನ್ನೂ ಸೇರಿಸಿಕೊಳ್ಳಲು 24 ಕುರ್ಚಿ ಸಾಲುವುದಿಲ್ಲ. ಅದಕ್ಕೆ ಗೋಡೆ ಬಳಸಿದೆವು. ಈ ಯೋಚನೆ ಬಂದದ್ದು ತೈವಾನಿನಿಂದ. 2014ರ ಮಾರ್ಚಿನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಚೀನಾ ಜೊತೆಗಿನ ವ್ಯಾಪಾರ ಒಪ್ಪಂದವೊಂದನ್ನು ಸರಿಯಾದ ಚರ್ಚೆಯಿಲ್ಲದೆ ಪಾಸು ಮಾಡುತ್ತಿದ್ದಾರೆ ಅಂತ ಸಂಸತ್ತಿನೊಳಗೇ ಹೋಗಿ ಕೂತರು, ಮೂರು ವಾರಕ್ಕೂ ಜಾಸ್ತಿ. ಸೂರ್ಯಕಾಂತಿ ಚಳವಳಿ ಅಂತ ಅದರ ಹೆಸರು. ಅದಾದ ಮೇಲೆ ಅಲ್ಲಿನ ತಂತ್ರಜ್ಞರು ಸರ್ಕಾರದೊಡನೆ ಸೇರಿ ವಿತೈವಾನ್ ಅನ್ನುವ ಚರ್ಚೆಯ ವ್ಯವಸ್ಥೆ ಕಟ್ಟಿದರು. ಅದರಲ್ಲಿ ಬಳಸಿದ ಪೋಲಿಸ್ (Pol.is) ಎಂಬ ತಂತ್ರಾಂಶದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ತಿರುಗಿ ಉತ್ತರ ಕೊಡಲು ಜಾಗವೇ ಇಲ್ಲ. ಒಪ್ಪುತ್ತೇನೆ, ಒಪ್ಪುವುದಿಲ್ಲ, ಗೊತ್ತಿಲ್ಲ, ಇಷ್ಟೇ. ಬೇಕಿದ್ದರೆ ಹೊಸದೊಂದು ಹೇಳಿಕೆ ಸೇರಿಸಬಹುದು. ಯಾರ ಯೋಚನೆ ಯಾರ ಹತ್ತಿರ ಇದೆ ಅಂತ ಅದು ಗುಂಪು ಮಾಡುತ್ತದೆ, ಬೇರೆಬೇರೆ ಗುಂಪಿನವರೂ ಒಪ್ಪಿದ ಹೇಳಿಕೆಗಳನ್ನು ಎತ್ತಿ ತೋರಿಸುತ್ತದೆ. 2015ರಲ್ಲಿ ಊಬರ್ ಟ್ಯಾಕ್ಸಿಯ ಜಗಳವನ್ನು ಹೀಗೆ ಚರ್ಚಿಸಿದರು.

ನಮ್ಮದು ಕಾಗದ ಮತ್ತು ಅಂಟಿಸುವ ಬಣ್ಣದ ಚುಕ್ಕೆ. ಹಾಜರಾತಿ ಕಡ್ಡಾಯ ಇರಬೇಕೇ ಅನ್ನುವ ವಿಷಯಕ್ಕೆ ಯಾರು ಬೇಕಾದರೂ ಒಂದು ಸಾಲು ಬರೆದು ಗೋಡೆಗೆ ಅಂಟಿಸಬಹುದು. ಹೋಗಿ ಬರುವವರು ಹಸಿರು ಅಥವಾ ಕೆಂಪು ಚುಕ್ಕೆ ಹಚ್ಚಬೇಕು. ಯಾರು ಕಡ್ಡಾಯದ ಪರ, ಯಾರು ವಿರೋಧ ಅಂತ ತಿಳಿಯಲು ಚುಕ್ಕೆಯ ಮೇಲೆ ಪೆನ್ನಿನಿಂದ ಒಂದು ಗುರುತು. "ಹಾಜರಾತಿ ತೆಗೆದುಹಾಕಿ" ಅನ್ನುವ ಸಾಲಿನ ಕೆಳಗೆ ಕೆಂಪು–ಹಸಿರು ಅರ್ಧಂಬರ್ಧ. ನಿರೀಕ್ಷೆ ಮಾಡಿದ್ದೇ. ಆದರೆ ಕೆಳಗೆ ಮೂಲೆಯಲ್ಲಿ ಯಾರೋ ಚಿಕ್ಕ ಅಕ್ಷರದಲ್ಲಿ ಬರೆದಿದ್ದರು: "ಪಾಠದ ಕೊನೆಯ ಹತ್ತು ನಿಮಿಷ ಪ್ರಶ್ನೆ ಕೇಳಲು ಬಿಟ್ಟರೆ ನಾನಾಗಿಯೇ ಬರುತ್ತೇನೆ." ಎರಡೂ ಪಕ್ಷದವರ ಹಸಿರು ಚುಕ್ಕೆ ಅದರ ಸುತ್ತ ಮುತ್ತಿಕೊಂಡಿತ್ತು. ಅದನ್ನು ನೋಡಿ ನಾನು ನನ್ನ ಪಾಠದ ಗಂಟೆ ಬದಲಿಸಿಕೊಂಡೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ಇದೆಲ್ಲ ಮಾಡಿದರೆ ಕಾಲೇಜಿಗೆ ರಾಜಕೀಯ ಬರುತ್ತದೆ" ಅಂತ ಕೆಲವು ಪೋಷಕರು ಆತಂಕಪಟ್ಟರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಯಾವ ಪಕ್ಷಕ್ಕೆ ಮತ ಹಾಕಬೇಕು ಅಂತ ಮೇಷ್ಟ್ರು ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಒಟ್ಟಿಗೆ ಬದುಕುವ ಜಾಗದ ಬಗ್ಗೆ ಒಟ್ಟಿಗೆ ತೀರ್ಮಾನ ಮಾಡುವುದನ್ನೂ ಅದೇ ಹೆಸರಿನಲ್ಲಿ ಹೊರಗಿಟ್ಟರೆ ಹುಡುಗರಿಗೆ ಉಳಿಯುವುದು ಎರಡೇ: ಸುಮ್ನೆ ಇರುವುದು, ಇಲ್ಲವೇ ಫೋನಿನಲ್ಲಿ ಬೈದಾಡುವುದು. 1960ರ ಫೆಬ್ರವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋದಲ್ಲಿ ಕಪ್ಪು ಜನಾಂಗದ ನಾಲ್ವರು ಮೊದಲ ವರ್ಷದ ಕಾಲೇಜು ಹುಡುಗರು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಹೋಗಿ ಕೂತರು. ಬಡಿಸಲಿಲ್ಲ. ಅವರು ಏಳಲಿಲ್ಲ, ಮರುದಿನ ಇನ್ನಷ್ಟು ಜನರೊಂದಿಗೆ ಬಂದರು. ಜುಲೈ ಹೊತ್ತಿಗೆ ಆ ಕೌಂಟರ್ ಎಲ್ಲರಿಗೂ ತೆರೆಯಿತು. ಅವರು ಮಾಡಿದ್ದೂ ರಾಜಕೀಯವೇ. ಅಂಥದ್ದು ಕಾಲೇಜಿಗೆ ಬರಲಿ ಅಂತಲೇ ನನ್ನ ಆಸೆ.

ಈಗ ಹುಡುಗರು ನನ್ನನ್ನೇ ಪ್ರಶ್ನೆ ಮಾಡುತ್ತಿದ್ದಾರೆ. ಲೈಬ್ರರಿ ವಿಷಯವನ್ನು ಸಭೆಗೆ ಆರಿಸಿದ್ದು ಯಾರು? ಹಾಜರಾತಿ ವಿಷಯವನ್ನು ಗೋಡೆಗೆ ಹಾಕಿದ್ದು ಯಾರು? ಎರಡೂ ನೀವೇ ಅಲ್ವಾ ಮೇಡಂ? ಉತ್ತರ ಕೊಡುವ ಹಕ್ಕು ನಮಗೆ, ಪ್ರಶ್ನೆ ಆರಿಸುವ ಹಕ್ಕು ನಿಮಗೆ, ಇದು ಯಾವ ಸೀಮೆ ನ್ಯಾಯ? ಮಾತು ಸರಿಯಾಗಿದೆ. ಸ್ವಿಟ್ಜರ್ಲೆಂಡಿನಲ್ಲಿ 18 ತಿಂಗಳೊಳಗೆ 1,00,000 ಸಹಿ ಸಂಗ್ರಹಿಸಿದರೆ ಸಂವಿಧಾನದ ತಿದ್ದುಪಡಿಯನ್ನೇ ಜನರ ಮತಕ್ಕೆ ಹಾಕಬಹುದು ಅಂತ ಎಲ್ಲೋ ಓದಿಕೊಂಡು ಬಂದಿದ್ದಾರೆ. ಕಾಲೇಜಿನಲ್ಲೂ ಇಂತಿಷ್ಟು ಸಹಿ ಬಂದರೆ ಆ ವಿಷಯ ಸಭೆಗೆ ಬರಲೇಬೇಕು ಅನ್ನುವ ನಿಯಮ ಬೇಕಂತೆ.

ಆಡಳಿತದವರು ಇದಕ್ಕೆ ಪೂರ್ತಿ ಒಪ್ಪಿಲ್ಲ. ಶುಲ್ಕ, ನೇಮಕಾತಿ ಇವೆರಡೂ ಸಭೆಯ ವ್ಯಾಪ್ತಿಗೆ ಬರಬಾರದು ಅನ್ನುತ್ತಾರೆ. ನೇಮಕಾತಿಯ ವಿಷಯದಲ್ಲಿ ನಾನೂ ಅವರ ಕಡೆ. ಶುಲ್ಕದ ವಿಷಯದಲ್ಲಿ ಹುಡುಗರ ಕಡೆ. ತೀರ್ಮಾನ ಅವರ ಕೈಗೆ ಕೊಡಲಾಗದಿದ್ದರೂ ಲೆಕ್ಕ ಮುಂದಿಟ್ಟು ಮಾತಾಡಬಹುದು, ಮಾತಾಡಬೇಕು. ಸದ್ಯಕ್ಕೆ ಹುಡುಗರು ಕರಡು ಬರೆಯುತ್ತಿದ್ದಾರೆ. ಹತ್ತರಲ್ಲಿ ಒಬ್ಬರ ಸಹಿ ಸಾಕು ಅನ್ನುವವರು ಒಂದು ಕಡೆ, ಐವರಲ್ಲಿ ಒಬ್ಬರದ್ದಾದರೂ ಬೇಕು ಅನ್ನುವವರು ಇನ್ನೊಂದು ಕಡೆ. ಬಸ್ಸಿನಲ್ಲಿ ಬಂದುಹೋಗುವವರು ಮೂರನೇ ಮಾತು ಸೇರಿಸಿದ್ದಾರೆ: ಸಹಿ ಹಾಕುವ ಪುಸ್ತಕವನ್ನು ಬೆಳಿಗ್ಗೆ ಏಳೂವರೆಗೇ ಲೈಬ್ರರಿಯಲ್ಲಿ ಇಡಬೇಕು, ಹಾಸ್ಟೆಲಿನಲ್ಲಿ ಇಡುವಂತಿಲ್ಲ.